ಟ್ರೇಲರಿನ ಹಿಂದಿನ ದೀಪ

ಕಬ್ಬಿನ ಹಂಗಾಮಿನಲ್ಲಿ ಮುಂಡರಗಿ ಕಡೆಯ ರಸ್ತೆಗಳಲ್ಲಿ ರಾತ್ರಿ ಬೈಕ್ ಓಡಿಸಿದವರಿಗೆ ಈ ಭಯ ಗೊತ್ತು. ಮುಂದೆ ಇರುವುದು ಬರೀ ಕತ್ತಲೆ ಅಂದುಕೊಂಡಿರುತ್ತೇವೆ. ಹತ್ತು ಮಾರು ಹತ್ತಿರ ಬಂದಾಗ ಅದು ಕಬ್ಬು ಹೇರಿದ ಟ್ರೇಲರು. ಹಿಂದಿನ ಕೆಂಪು ದೀಪ ಉರಿಯುತ್ತಿಲ್ಲ. ನಿಲ್ಲಿಸಿ ಕೇಳಿದರೆ, ‘ದೀಪ ಹಾಕ್ಸೇನ್ರಿ ಸಾಹೇಬ್ರ, ಊರು ಬಿಡೂಮುಂದ ಹತ್ತಿತ್ತು’ ಎನ್ನುತ್ತಾನೆ ಡ್ರೈವರ್. ಅವನು ಸುಳ್ಳು ಹೇಳುತ್ತಿಲ್ಲ. ಊರು ಬಿಡುವಾಗ ಹತ್ತಿದ ದೀಪ ಮೂರು ಕಿಲೋಮೀಟರ್ ದಾಟುವುದರೊಳಗೆ ಆರುವುದು ಏಕೆ ಎಂಬುದೇ ಈ ಅಧ್ಯಾಯದ ವಿಷಯ.

ವಿದ್ಯುತ್ತು ಬ್ಯಾಟರಿಯಿಂದ ಹೊರಟರೆ ಸಾಲದು, ಬ್ಯಾಟರಿಗೆ ಮರಳಬೇಕು. ಹೋಗುವ ದಾರಿಯನ್ನು ನಾವು ಜೋಪಾನ ಮಾಡುತ್ತೇವೆ. ಕೆಂಪು ವೈರು, ಸ್ವಿಚ್ಚು, ಫ್ಯೂಜು ಎಲ್ಲ ಅಲ್ಲೇ. ಮರಳುವ ದಾರಿಯನ್ನು ಕಬ್ಬಿಣಕ್ಕೆ ಬಿಟ್ಟುಬಿಡುತ್ತೇವೆ. ಬ್ಯಾಟರಿಯ ಮೈನಸ್ ತುದಿಯನ್ನು ಟ್ರ್ಯಾಕ್ಟರಿನ ಮೈಗೆ ಬಿಗಿದಿರುತ್ತಾರೆ. ಬಲ್ಬಿನ ಹೋಲ್ಡರೂ ಮೈಗೇ ತಾಗಿರುತ್ತದೆ. ಇದನ್ನೇ ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರದವರೆಗೆ ಮೆಕ್ಯಾನಿಕ್‌ಗಳೆಲ್ಲ ‘ಅರ್ತಿಂಗ್’ ಎನ್ನುವುದು.

ಟ್ರ್ಯಾಕ್ಟರಿನ ಮಟ್ಟಿಗೆ ಇದು ಸರಿ. ಟ್ರೇಲರಿನ ಸಂಗತಿ ಬೇರೆ. ಅದು ಟ್ರ್ಯಾಕ್ಟರಿನ ಮೈಯಲ್ಲ; ಎರಡನ್ನೂ ಜೋಡಿಸಿರುವುದು ಒಂದು ಹುಕ್ಕು, ಒಂದು ಪಿನ್ನು. ಆ ಪಿನ್ನಿಗೆ ಗ್ರೀಸು, ಗ್ರೀಸಿಗೆ ಎರೆಮಣ್ಣಿನ ಧೂಳು, ಅದರಡಿ ತುಕ್ಕು. ಏರಿನಲ್ಲಿ ಜಗ್ಗುವಾಗ ಪಿನ್ನು ಗಟ್ಟಿಯಾಗಿ ಒತ್ತಿ ದೀಪ ಉರಿಯುತ್ತದೆ, ಇಳಿಜಾರಿನಲ್ಲಿ ಸಡಿಲಾಗಿ ಆರುತ್ತದೆ. ಬಲ್ಬು ಬದಲಿಸಿ ಪ್ರಯೋಜನವಿಲ್ಲ.

ಇಲ್ಲಿ ಕಡಲ ಕಡೆ ಒಮ್ಮೆ ನೋಡಬೇಕು. ಮಲ್ಪೆಯ ಮೀನುಗಾರಿಕೆ ದೋಣಿಗಳಲ್ಲಿ ಮರದ ಅಥವಾ ಫೈಬರಿನ ಮೈ ಇದ್ದರೆ ಅದರಲ್ಲಿ ವಿದ್ಯುತ್ತು ಹರಿಯದು. ಹಾಗಾಗಿ ಜಿಪಿಎಸ್, ವೈರ್‌ಲೆಸ್, ಮೀನು ಹುಡುಕುವ ಯಂತ್ರ, ದಾರಿದೀಪ, ಪ್ರತಿಯೊಂದಕ್ಕೂ ಎರಡೆರಡು ವೈರು ಎಳೆಯಲೇಬೇಕು: ಹೋಗಲು ಒಂದು, ಮರಳಲು ಒಂದು. ಉಪ್ಪುಗಾಳಿಗೆ ಬರಿ ತಾಮ್ರ ಬೇಗ ಕಿಲುಬುಗಟ್ಟುತ್ತದೆಂದು ತವರ ಲೇಪಿಸಿದ ಎಳೆಗಳ ವೈರು ಬಳಸುವುದು ಒಳ್ಳೆಯ ಪದ್ಧತಿ. ದೋಣಿಗೆ ಅನಿವಾರ್ಯವಾದ ಎರಡು ವೈರಿನ ನಿಯಮವನ್ನು ನಮ್ಮ ಟ್ರೇಲರಿಗೆ ನಾವಾಗಿಯೇ ತಂದುಕೊಳ್ಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬ್ಯಾಟರಿಯ ಮೈನಸ್‌ನಿಂದ ಹಿಂದಿನ ದೀಪದವರೆಗೆ ಒಂದು ಕಪ್ಪು ವೈರು ಎಳೆದರೆ ಹುಕ್ಕಿನ ಹಂಗು ತಪ್ಪುತ್ತದೆ.

ಆದರೆ ದೋಷ ನಿಜವಾಗಿ ಅಲ್ಲೇ ಇದೆಯೆಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕಲ್ಲ. ಒಂದು ಲಕ್ಷಣ ಕಣ್ಣಿಗೇ ಕಾಣುತ್ತದೆ. ಬ್ರೇಕ್ ಒತ್ತಿದರೆ ಹಿಂದಿನ ದೀಪ ಮಂಕಾಗಿ, ಹಾಕದ ಇಂಡಿಕೇಟರು ಮಿಣುಕಿದರೆ ಅದು ಹೆಚ್ಚಾಗಿ ಅರ್ತಿಂಗ್ ದೋಷ. ಮರಳುವ ದಾರಿ ಮುಚ್ಚಿದಾಗ ಬ್ರೇಕ್ ಬಲ್ಬಿನ ವಿದ್ಯುತ್ತು ಪಕ್ಕದ ಬಲ್ಬುಗಳ ತಂತಿಯೊಳಗೆ ನುಗ್ಗಿ ಹಿಂದಕ್ಕೆ ಹೋಗಲು ನೋಡುತ್ತದೆ.

ಎರಡನೆಯ ಪರೀಕ್ಷೆಗೆ ಒಂದು ಉದ್ದ ವೈರು ಸಾಕು. ಅದರ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಆರಿದ ದೀಪದ ಹೋಲ್ಡರಿನ ಮೈಗೆ ಹಿಡಿಯಿರಿ. ದೀಪ ಝಗ್ಗನೆ ಹತ್ತಿದರೆ ಬೇರೆ ಸಾಕ್ಷಿ ಬೇಕಿಲ್ಲ.

ಮಲ್ಟಿಮೀಟರು ಇದ್ದವರು ಒಂದು ತಪ್ಪು ಮಾಡುತ್ತಾರೆ. ಬಲ್ಬು ತೆಗೆದು ಹೋಲ್ಡರಿನಲ್ಲಿ ಮೀಟರು ಹಿಡಿದು, 12 ವೋಲ್ಟ್ ಕಂಡೊಡನೆ ‘ಕರೆಂಟ್ ಬರಾಕತ್ತೇತಿ’ ಎಂದುಬಿಡುತ್ತಾರೆ. ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರು 12 ತೋರಿಸುತ್ತದೆ, ಏಕೆಂದರೆ ಮೀಟರಿಗೆ ಬೇಕಾದ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ. ಡ್ರಿಪ್ ಪೈಪಿನ ತುದಿ ಮುಚ್ಚಿದ್ದಾಗ ಒತ್ತಡ ಸರಿಯಾಗಿಯೇ ಇರುತ್ತದೆ. ತುದಿ ಬಿಚ್ಚಿ ನೀರು ಹರಿಸಿದಾಗಲೇ ಒಳಗೆ ಕಸ ಕಟ್ಟಿದ್ದು ತಿಳಿಯುವುದು. ಹಾಗೆಯೇ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಮೀಟರನ್ನು 20 ಡಿಸಿ ವೋಲ್ಟಿಗೆ ತಿರುಗಿಸಿ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದನ್ನು ದೀಪದ ಹೋಲ್ಡರಿನ ಮೈ ಮೇಲೆ ಇಡಿ. 0.2 ವೋಲ್ಟ್ ಆಸುಪಾಸು ಇದ್ದರೆ ಚಿಂತೆಯಿಲ್ಲ. 2 ಅಥವಾ 3 ವೋಲ್ಟ್ ಬಂದರೆ ಅಷ್ಟೂ ಮರಳುವ ದಾರಿಯಲ್ಲಿ ಸೋರಿಹೋಗುತ್ತಿದೆ. ಈಗ ಎರಡನೆಯ ಮೊನೆಯನ್ನು ಟ್ರೇಲರಿನ ಚಾಸಿ, ಹುಕ್ಕು, ಟ್ರ್ಯಾಕ್ಟರಿನ ಮೈ ಹೀಗೆ ಹೆಜ್ಜೆಹೆಜ್ಜೆಗೆ ಮುಂದೆ ತನ್ನಿ. ಎಲ್ಲಿ ಅಂಕಿ ಫಕ್ಕನೆ ಇಳಿಯುತ್ತದೋ ಅದರ ಹಿಂದಿನ ಜೋಡಣೆಯಲ್ಲೇ ದೋಷವಿದೆ. ಬಣ್ಣ ಕೆರೆದು, ಲಗ್ ಹಾಕಿ, ಬೋಲ್ಟು ಬಿಗಿದು, ಮೇಲೆ ಗ್ರೀಸು ಸವರಿ.

ವೈರಿನ ದಪ್ಪದಲ್ಲಿ ಜಿಪುಣತನ ಬೇಡ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.0175 ಓಮ್ ರೋಧ. ಟ್ರೇಲರಿನಲ್ಲಿ 21 ವ್ಯಾಟಿನ ಎರಡು ಬ್ರೇಕ್ ದೀಪ, 5 ವ್ಯಾಟಿನ ಎರಡು ಹಿಂದಿನ ದೀಪ, ಒಂದು ಇಂಡಿಕೇಟರು ಒಟ್ಟಿಗೆ ಉರಿದರೆ ಸುಮಾರು 6 ಆಂಪಿಯರ್ ಒಂದೇ ಅರ್ತಿಂಗ್ ವೈರಿನಲ್ಲಿ ಮರಳಬೇಕು. 8 ಮೀಟರ್ ಉದ್ದಕ್ಕೆ ಅರ್ಧ ಚದರ ಮಿಲಿಮೀಟರಿನ ತೆಳು ವೈರು ಹಾಕಿದರೆ 1.7 ವೋಲ್ಟ್ ಅಲ್ಲೇ ಕಳೆಯುತ್ತದೆ. ಎರಡೂವರೆಯದು ಹಾಕಿದರೆ 0.3 ಮಾತ್ರ. ತಂತಿಬಲ್ಬಿಗೆ ವೋಲ್ಟೇಜು ಶೇ 10 ತಗ್ಗಿದರೆ ಬೆಳಕು ಸುಮಾರು ಶೇ 30 ತಗ್ಗುತ್ತದೆ. ಕೆಂಪು ದೀಪ ದೂರಕ್ಕೆ ಕಾಣುವುದೂ ಕಾಣದಿರುವುದೂ ಈ ಲೆಕ್ಕದಲ್ಲಿದೆ.

ಇನ್ನು ಟೇಪು, ದೊಡ್ಡ ಹಾರನ್ನು, ಫೋಕಸ್ ಲೈಟು. ನಮ್ಮ ಹುಡುಗರು ಟ್ರ್ಯಾಕ್ಟರನ್ನು ಪ್ರೀತಿಯಿಂದ ಸಿಂಗರಿಸುತ್ತಾರೆ, ಸಿಂಗರಿಸಲಿ. 55 ವ್ಯಾಟಿನ ಎರಡು ಫೋಕಸ್ ಲೈಟು 9 ಆಂಪಿಯರ್ ಎಳೆಯುತ್ತವೆ. ಅಷ್ಟನ್ನು ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿನ ಮೂಲಕ ಹರಿಸಿದರೆ ಅದರ ಒಳಗಿನ ಹಲ್ಲು ಸುಡುತ್ತದೆ. ಸ್ವಿಚ್ಚಿನ ಬದಲು ಆ ಹರಿವನ್ನು ತಾನು ಹೊರುವ ರಿಲೇ ಹಾಕಿ. ಅದರ 30ನೆಯ ಕಾಲಿಗೆ ಬ್ಯಾಟರಿಯಿಂದ ಫ್ಯೂಜ್ ದಾಟಿ ಬಂದ ವೈರು, 87ಕ್ಕೆ ದೀಪ, 85 ಮತ್ತು 86ಕ್ಕೆ ಸ್ವಿಚ್ಚು ಮತ್ತು ಅರ್ತಿಂಗ್. ಫ್ಯೂಜು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ, ಏಕೆಂದರೆ ಅದು ಕಾಯುವುದು ದೀಪವನ್ನಲ್ಲ, ವೈರನ್ನು. ಸುಟ್ಟ ಫ್ಯೂಜಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವವರಿದ್ದಾರೆ. ಹಿಂದೆ ಒಣಮೇವು ಹೇರಿಕೊಂಡು ಹೋಗುವ ಗಾಡಿಯಲ್ಲಿ ಹೀಗೆ ಮಾಡುವುದು ಬೆಂಕಿಕಡ್ಡಿ ಗೀರಿ ಇಟ್ಟಂತೆ.

ಟೇಪು ಆರಿಸಿದ್ದರೂ ಬ್ಯಾಟರಿ ಇಳಿಯುತ್ತಿದ್ದರೆ ಎಲ್ಲೋ ಕಳ್ಳ ಹರಿವು ಇದೆ. ಅರ್ಧ ಆಂಪಿಯರ್ ಸೋರಿದರೂ ದಿನಕ್ಕೆ 12 ಆಂಪಿಯರ್-ಅವರ್ ಹೋಯಿತು. ಮಳೆ ಹಿಡಿದು ನಾಲ್ಕು ದಿನ ನಿಂತರೆ 88ರ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಖಾಲಿ. ಚೆನ್ನಾಗಿ ಚಾರ್ಜ್ ಆಗಿ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.2 ಅಂದರೆ ಅರ್ಧ. ಬಿಚ್ಚುವಾಗ ಮೊದಲು ಮೈನಸ್ ತೆಗೆಯಿರಿ, ಹಾಕುವಾಗ ಕೊನೆಗೆ ಹಾಕಿ. ಆಗ ಪಾನಾ ಟ್ರ್ಯಾಕ್ಟರಿನ ಮೈಗೆ ತಾಗಿದರೂ ಕಿಡಿ ಹಾರುವುದಿಲ್ಲ. ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಅನಿಲಕ್ಕೆ ಒಂದು ಕಿಡಿ ಸಾಕು.

ಇದೆಲ್ಲ ಮಾಡಿದ ಮೇಲೂ ನಡುರಾತ್ರಿ ಬಲ್ಬು ಸುಡಬಹುದು. ಅದಕ್ಕೇ ಟ್ರೇಲರಿನ ಹಿಂದಿನ ಹಲಗೆಗೆ ಅಡ್ಡಲಾಗಿ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಅದಕ್ಕೆ ವೈರೂ ಬೇಡ, ಅರ್ತಿಂಗೂ ಬೇಡ. ಲೋಡು ಹೇರಿದ ಮೇಲೆ, ಹೊರಡುವ ಮುಂಚೆ, ಅದರ ಮೇಲಿನ ಧೂಳನ್ನು ಒಮ್ಮೆ ಹಸಿಬಟ್ಟೆಯಿಂದ ಒರೆಸಿ, ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿದೆಯೇ ನೋಡಿ.