ಸಿ ಡ್ರೈವ್ ಎಂಬ ನಂಬಿಕೆ

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬಳಕೆದಾರರ ಕಡತಗಳು ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್’ ಎಂಬ ಫೋಲ್ಡರಿನಲ್ಲಿ ಇರುತ್ತಿದ್ದವು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಲ್ಲಿ ಅವುಗಳ ಜಾಗ ‘ಯೂಸರ್ಸ್’ ಫೋಲ್ಡರ್ ಆಯಿತು. ಹಳೆಯ ಹೆಸರನ್ನೇ ಕೋಡಿನೊಳಗೆ ಅಕ್ಷರಶಃ ಬರೆದುಕೊಂಡಿದ್ದ ತಂತ್ರಾಂಶಗಳು ದಾರಿ ತಪ್ಪದಿರಲೆಂದು ಮೈಕ್ರೋಸಾಫ್ಟ್, ಹಳೆಯ ಜಾಗದಿಂದ ಹೊಸದಕ್ಕೆ ಕಳಿಸುವ ಗುಪ್ತ ಕೊಂಡಿಯೊಂದನ್ನು ಇಡಬೇಕಾಯಿತು. ವಿಂಡೋಸ್ 11ರಲ್ಲೂ ಅದು ಉಳಿದಿದೆ. ಯಾರೋ ಅವಸರದಲ್ಲಿ ಮಾಡಿದ ಸಾಲಕ್ಕೆ ಇಂದಿಗೂ ಬಡ್ಡಿ ಕಟ್ಟಿದಂತೆ. ಜರ್ಮನ್ ಭಾಷೆಯ ಎಕ್ಸ್‌ಪಿಯಲ್ಲಂತೂ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನ ಹೆಸರೇ ‘ಪ್ರೋಗ್ರಾಮೆ’. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ತಂತ್ರಾಂಶಗಳಿಗೆ ಬೇರೆಯದೇ ಫೋಲ್ಡರ್. ಹೀಗೆ ಬದಲಾಗುತ್ತಲೇ ಇರುವುದನ್ನು ಊಹಿಸಿ ಬರೆದಿಡುವ ಅಗತ್ಯವೇ ಇರಲಿಲ್ಲ: ಆ ಫೋಲ್ಡರ್ ಎಲ್ಲಿದೆ ಎಂದು ತಂತ್ರಾಂಶ ಕೇಳಿದರೆ ವಿಂಡೋಸೇ ಹೇಳುತ್ತದೆ.

ಫೋಲ್ಡರಿನ ಜಾಗವನ್ನು ಊಹಿಸಿ ಬರೆದಿಡುವುದು ವಿಂಡೋಸಿನ ಕಾಯಿಲೆ ಮಾತ್ರವಲ್ಲ. ಮ್ಯಾಕ್‌ನಲ್ಲಿ ತಂತ್ರಾಂಶ ಅಳವಡಿಸಲು ಬಳಸುವ ಹೋಮ್‌ಬ್ರೂ, ಇಂಟೆಲ್ ಚಿಪ್ಪಿನ ಯಂತ್ರಗಳಲ್ಲಿ ‘/ಯುಎಸ್‌ಆರ್/ಲೋಕಲ್’ನಲ್ಲಿ ನೆಲೆಸುತ್ತಿತ್ತು. ಆ್ಯಪಲ್ ತನ್ನದೇ ಚಿಪ್ಪಿನ ಮ್ಯಾಕ್‌ಗಳನ್ನು 2020ರಲ್ಲಿ ಹೊರತಂದ ಮೇಲೆ, ಅವುಗಳಲ್ಲಿ ಹೋಮ್‌ಬ್ರೂ ನೆಲೆ ‘/ಆಪ್ಟ್/ಹೋಮ್‌ಬ್ರೂ’ ಆಯಿತು. ‘ಬ್ರೂ ಪ್ರಿಫಿಕ್ಸ್’ ಆಜ್ಞೆಯ ಮೂಲಕ ನೆಲೆಯನ್ನು ವಿಚಾರಿಸುತ್ತಿದ್ದ ಸ್ಕ್ರಿಪ್ಟ್‌ಗಳಿಗೆ ಇದರಿಂದ ಏನೂ ಆಗಲಿಲ್ಲ. ಹಳೆಯ ಪಾತ್ (ಫೋಲ್ಡರಿನ ವಿಳಾಸ) ನಂಬಿಕೊಂಡಿದ್ದವನ್ನು ತಿದ್ದಬೇಕಾಯಿತು. ಯುನಿಕ್ಸ್ ಬಳಗದಲ್ಲಿ ಅಳವಡಿಸುವಾಗಲೇ ‘ಪ್ರಿಫಿಕ್ಸ್’ ಕೊಟ್ಟು ಜಾಗ ಆರಿಸುವ ರೂಢಿ ಹಳೆಯದು. ಅಡ್ಮಿನ್ ಅಧಿಕಾರವಿಲ್ಲದ ವಿದ್ಯಾರ್ಥಿಯೂ ಕಾಲೇಜಿನ ಸರ್ವರ್‌ನ ತನ್ನ ಖಾತೆಯೊಳಗೆ ತಂತ್ರಾಂಶ ಹಾಕಿಕೊಳ್ಳಲು ಸಾಧ್ಯವಾಗುವುದು ಇದರಿಂದಲೇ.

ಹೀಗೆ ಅಳವಡಿಸುವಾಗ ಜಾಗ ಯಾವುದೆಂದು ಎಲ್ಲವನ್ನೂ ಕೇಳುತ್ತ ಕೂತರೆ ಸಾಮಾನ್ಯ ಬಳಕೆದಾರ ಗೊಂದಲಕ್ಕೆ ಬೀಳುವುದಿಲ್ಲವೇ? ಬೀಳುತ್ತಾನೆ, ಅದಕ್ಕೇ ಸಿದ್ಧ ಉತ್ತರವೊಂದು ಇರಲಿ, ಬೇಕಾದವರು ಬದಲಿಸಲಿ. ಇದಕ್ಕಿಂತ ತೂಕದ ಆಕ್ಷೇಪ ಸುರಕ್ಷತೆಯದು. ತಂತ್ರಾಂಶವನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕೆಂಬ ಪಟ್ಟಿಯನ್ನು ಯಾರು ಬೇಕಾದರೂ ತಿರುಗಿಸಬಹುದಾದರೆ, ಅದೇ ಹೆಸರಿನ ಕಳ್ಳ ತಂತ್ರಾಂಶವೂ ನುಸುಳಬಹುದು. ಹಾಗಾಗಿಯೇ ಅಡ್ಮಿನ್ ಅಧಿಕಾರದಲ್ಲಿ ಆಜ್ಞೆ ನಡೆಸುವ ಲಿನಕ್ಸ್‌ನ ‘ಸುಡೊ’ದಲ್ಲಿ, ಬಳಕೆದಾರ ಕೊಟ್ಟ ಪಟ್ಟಿಯನ್ನು ಬದಿಗಿಟ್ಟು ನಿಗದಿತ ಫೋಲ್ಡರ್‌ಗಳಲ್ಲಷ್ಟೇ ಹುಡುಕುವಂತೆ ಕಟ್ಟುಮಾಡಬಹುದು. ಆದರೆ ಗಮನಿಸಿ: ಆ ನಿಗದಿತ ಫೋಲ್ಡರ್‌ಗಳ ಪಟ್ಟಿಯೂ ಸೆಟ್ಟಿಂಗ್ಸ್ ಕಡತದಲ್ಲಿರುತ್ತದೆ, ಅದನ್ನು ತಿದ್ದುವ ಹಕ್ಕು ಯಂತ್ರದ ಅಡ್ಮಿನ್‌ಗೆ ಇರುತ್ತದೆ. ಬಿಗಿ ಬೇಕಾದಲ್ಲಿ ಬಿಗಿ ಮಾಡಬೇಕಾದವರು ಯಂತ್ರ ನೋಡಿಕೊಳ್ಳುವವರು, ಆ ಯಂತ್ರವನ್ನು ಕಂಡೇ ಇರದ ಪ್ರೋಗ್ರಾಮರ್ ಅಲ್ಲ.