ಮೈ, ಮಾನ ಮತ್ತು ಮನೆಯ ಮಾತು

ನಾಚಿಕೆಯು ಹುಟ್ಟುಗುಣವೆಂದು ನಮ್ಮಲ್ಲಿ ಅನೇಕರ ನಂಬಿಕೆ. ಆದರೆ ಎರಡು ವರ್ಷದ ಕೂಸಿಗೆ ಎರೆದು ಬಿಟ್ಟರೆ ಅದು ಬರಿಮೈಯಲ್ಲೇ ಮನೆಯೆಲ್ಲ ಕುಣಿದಾಡುವುದು. "ಶೀ, ನಾಚಿಕೆಯಿಲ್ಲವೆ?" ಎಂದು ನಾವು ಹತ್ತು ಸಲ ಅಂದ ಮೇಲೆಯೇ ಅದಕ್ಕೆ ನಾಚಿಕೆ ತಿಳಿಯುವುದು. ಎಂದಮೇಲೆ, ಮಾತಿನಂತೆ ನಾಚಿಕೆಯೂ ಮನೆಯಲ್ಲಿ ಕಲಿತದ್ದೇ ಸರಿ. ಊರು ಬಿಟ್ಟು ಬಂದ ನಮ್ಮಂಥ ಸಂಸಾರಗಳು ಇದನ್ನು ಯೋಚಿಸಲೇಬೇಕು. ಏಕೆಂದರೆ ನಮ್ಮ ಮಕ್ಕಳು ಒಂದು ಬಗೆಯ ನಾಚಿಕೆಯನ್ನು ಮನೆಯಲ್ಲಿಯೂ ಮತ್ತೊಂದು ಬಗೆಯದನ್ನು ಬೀದಿಯಲ್ಲಿಯೂ ಕಲಿಯುತ್ತಿರುವರು.

ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಗಂಡಸರು ಅಂಗಿ ಕಳಚಿ ದರ್ಶನಕ್ಕೆ ನಿಲ್ಲುತ್ತಾರೆ. ಇಲ್ಲಿ ಬಂಗ್ಲಾ ಸಾಹೇಬ್ ಗುರುದ್ವಾರದಲ್ಲಿ ತಲೆಗೆ ವಸ್ತ್ರ ಹೊದೆಯದೆ ಒಳಗೆ ಹೋಗುವಂತಿಲ್ಲ. ಅಲ್ಲಿ ಕಳಚುವುದು ಭಕ್ತಿ, ಇಲ್ಲಿ ಮುಚ್ಚುವುದು ಭಕ್ತಿ. ಶ್ರವಣಬೆಳಗೊಳದ ಬಾಹುಬಲಿಯಂತೂ ಸಾವಿರ ವರ್ಷಕ್ಕೂ ಮಿಗಿಲಾಗಿ ದಿಗಂಬರನಾಗಿ ನಿಂತಿದ್ದಾನೆ. ತಾಯಂದಿರು ಮಕ್ಕಳನ್ನೆತ್ತಿ ತೋರಿಸಿ ಕೈ ಮುಗಿಸುತ್ತಾರೆ.

ಸೆರಗಿನ ಕಥೆಯೂ ಹೀಗೆಯೇ. ವಿಜಯಪುರ, ಬಾಗಲಕೋಟೆಯ ಕಡೆ ಹಿರಿಯರ ಮುಂದೆ ತಲೆಯ ಮೇಲೆ ಸೆರಗು ಹೊದೆಯುವುದು ಮರ್ಯಾದೆ. ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ಮುತ್ತೈದೆ ಹಾಗೆ ಹೊದೆದರೆ ಅಜ್ಜಿಯರು ಅಶುಭವೆಂದು ಗದರುತ್ತಿದ್ದರು. ಮುಡಿದ ಹೂವು ಕಾಣಬೇಕು! ನಮ್ಮ ವಸಂತ್ ಕುಂಜ್‌ನ ಮಗ್ಗುಲಲ್ಲೇ ಇರುವ ಮಸೂದ್‌ಪುರ, ಕಿಷನ್‌ಗಢಗಳಲ್ಲಿ ಹಿರಿಯರೆದುರು ಮುಸುಕೆಳೆದುಕೊಳ್ಳುವ ಹೆಂಗಸರು ಇಂದಿಗೂ ಉಂಟು. ಅಲ್ಲಿಂದ ನೆಲ್ಸನ್ ಮಂಡೇಲಾ ಮಾರ್ಗದ ಮಾಲುಗಳು ದೂರವೇನಲ್ಲ. ಅಲ್ಲಿ ತೋಳಿಲ್ಲದ ಅಂಗಿ ತೊಟ್ಟ ಹುಡುಗಿಯರು ನಿಶ್ಚಿಂತೆಯಿಂದ ಓಡಾಡುವರು. ಇವರಲ್ಲಿ ಯಾರಿಗೆ ಮಾನವಿಲ್ಲ ಎನ್ನೋಣ? ಬಟ್ಟೆಯ ಅಳತೆ ಊರೂರಿಗೆ ಬೇರೆ. ಮರ್ಯಾದೆಯ ಭಾವನೆ ಎಲ್ಲರಿಗೂ ಉಂಟು.

ಬಟ್ಟೆಗಿಂತ ಆಳಕ್ಕೆ ನಾಟುವುದು ಮೈಯನ್ನು ಕುರಿತು ನಾವಾಡುವ ಮಾತು. ರಜೆಯಲ್ಲಿ ಊರಿಗೆ ಹೋದೊಡನೆ, "ದಿಲ್ಲಿಯ ಬಿಸಿಲಿಗೆ ಕಪ್ಪಾಗಿಬಿಟ್ಟೆಯಲ್ಲೇ", "ಎಷ್ಟು ಸೊರಗಿದ್ದೀಯೋ" ಎಂದು ದೊಡ್ಡಮ್ಮ, ಅತ್ತೆಯರು ಅಕ್ಕರೆಯಿಂದಲೇ ಅನ್ನುವರು. ಕೇಳಿದ ಮಗುವಿನ ಮನಸ್ಸಿನಲ್ಲಿ ಅಕ್ಕರೆ ಉಳಿಯುವುದಿಲ್ಲ, ಕಪ್ಪು ಎಂಬುದು ಉಳಿಯುತ್ತದೆ. 1975ರಲ್ಲಿ ಅಂಗಡಿಗೆ ಬಂದ ಫೇರ್ ಅಂಡ್ ಲವ್ಲಿ, 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಎಂಬುದನ್ನು ಕೈಬಿಟ್ಟಿತು. ನಾವು ಹೆಣ್ಣು ನೋಡುವಾಗ ಅದನ್ನು ಬಿಟ್ಟಿದ್ದೇವೆಯೆ?

ಕಣ್ಣಿಗೆ ಕಂಡದ್ದೂ ಮನಸ್ಸನ್ನು ತಿದ್ದುತ್ತದೆ. ಫಿಜಿ ದ್ವೀಪಗಳಲ್ಲಿ ಮೈತುಂಬಿಕೊಂಡಿರುವುದೇ ಚೆಲುವೆಂಬ ಭಾವನೆಯಿತ್ತು. ಅಲ್ಲಿನ ಒಂದು ಪ್ರಾಂತಕ್ಕೆ 1995ರಲ್ಲಿ ಟೆಲಿವಿಷನ್ ಬಂದಿತು. ಹಾರ್ವರ್ಡಿನ ಮನೋವೈದ್ಯೆ ಆನ್ ಬೆಕರ್ ಆಗ ವಿಚಾರಿಸಿದ ಶಾಲಾ ಬಾಲಕಿಯರಲ್ಲಿ, ತೂಕ ಇಳಿಸಲೆಂದು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ಮತ್ತೆ ವಿಚಾರಿಸಿದಾಗ ಅಂಥವರು ಶೇಕಡ 11.3 ಮಂದಿ! ಮೂರೇ ವರ್ಷದ ಮಾತಿದು. ನಮ್ಮ ಮಕ್ಕಳ ಕೈಯಲ್ಲಾದರೋ ಹಗಲಿರುಳೂ ಮೊಬೈಲ್ ಇದೆ.

ಹುಡುಗಿ ಮೈನೆರೆದಾಗ ಹಸೆಯ ಮೇಲೆ ಕೂರಿಸಿ, ಆರತಿಯೆತ್ತಿ, ಚಿಗಳಿ ಕೊಬ್ಬರಿ ಕೊಡುವ ಪದ್ಧತಿ ನಮ್ಮಲ್ಲುಂಟು. ತಿಂಗಳು ತಿಂಗಳೂ ಅವಳನ್ನು 'ಹೊರಗೆ' ಕೂರಿಸಿದವರೂ ನಾವೇ. ದಿಲ್ಲಿಗೆ ಬರುವಾಗ ನಮ್ಮಲ್ಲಿ ಹಲವರು ಆರತಿಯನ್ನು ಅಲ್ಲೇ ಬಿಟ್ಟು, ಮುಚ್ಚುಮರೆಯನ್ನು ಮಾತ್ರ ಕಟ್ಟಿಕೊಂಡು ಬಂದೆವೋ ಏನೋ. ಔಷಧದಂಗಡಿಯವನು ಕಾಗದ ಸುತ್ತಿಕೊಟ್ಟ ಪೊಟ್ಟಣವನ್ನು ಇಂದಿಗೂ ಅಡಗಿಸಿಯೇ ತರುತ್ತೇವೆ.

ಇಂಥ ನಾಚಿಕೆಯಿಂದ ಕೇಡುಂಟು. ನೋವಿದ್ದರೂ ವೈದ್ಯರಿಗೆ ಹೇಳದೆ ನರಳುವ ತಾಯಂದಿರಿದ್ದಾರೆ. ಯಾರೋ ಕೆಟ್ಟದಾಗಿ ಮುಟ್ಟಿದರೂ ಹೇಳಲು ಮಾತೇ ಇಲ್ಲದ ಮಕ್ಕಳಿದ್ದಾರೆ. 2012ರ ಪೋಕ್ಸೊ ಕಾಯಿದೆಯು 18 ವರ್ಷದೊಳಗಿನ ಗಂಡು, ಹೆಣ್ಣು ಮಕ್ಕಳೆಲ್ಲರಿಗೂ ರಕ್ಷಣೆ ನೀಡಿದೆ. ಆದರೆ ನಡೆದದ್ದನ್ನು ಮಗು ಹೇಳಬಲ್ಲದಾದರೆ ತಾನೆ ಕಾಯಿದೆಯಿಂದ ಪ್ರಯೋಜನ?

ಆದುದರಿಂದ ಮೈಯ ಅಂಗಗಳ ಹೆಸರನ್ನು ಮಕ್ಕಳಿಗೆ ಕನ್ನಡದಲ್ಲಿಯೇ, ಅಳುಕಿಲ್ಲದೆ ಕಲಿಸೋಣ. ಬಣ್ಣ, ತೂಕಗಳ ಹಾಸ್ಯವನ್ನು ಬಿಡೋಣ. ಎಲ್ಲಿ ಏನು ಉಡಬೇಕೆಂದು ಹೇಳುವಾಗ ಏಕೆಂಬುದನ್ನೂ ಹೇಳೋಣ. ತನ್ನ ಮೈಯನ್ನು ಗೌರವಿಸಲು ಕಲಿತ ಮಗು ಇತರರ ಮೈಯನ್ನೂ ಗೌರವಿಸುವುದು. ಮಾನವೆಂದರೆ ಅದೇ ಅಲ್ಲವೆ?