ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರಿಗೆ ಯಾವ ಕೂಲರ್?

ಪ್ರೊಸೆಸರನ್ನು ತಯಾರಕರು ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದೇ ಓವರ್‌ಕ್ಲಾಕಿಂಗ್. ವೇಗ ಏರಿದಾಗ ಚಿಪ್ ತಪ್ಪು ಮಾಡದಿರಲು ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಬಿಸಿಯ ತೊಂದರೆ ಶುರುವಾಗುವುದು ಅಲ್ಲಿಂದ. ಚಿಪ್ ನುಂಗುವ ವಿದ್ಯುತ್ತು ವೇಗದ ಜೊತೆಗೂ ವೋಲ್ಟೇಜಿನ ವರ್ಗದ ಜೊತೆಗೂ ಏರುವುದರಿಂದ, ಎರಡನ್ನೂ ಶೇಕಡ 10ರಷ್ಟು ಹೆಚ್ಚಿಸಿದರೆ ಬಿಸಿ ಸುಮಾರು ಶೇಕಡ 33ರಷ್ಟು ಹೆಚ್ಚುತ್ತದೆ. ಇಂಟೆಲ್‌ನ ಐ9-14900ಕೆ ಚಿಪ್ಪಿಗೆ ಕಂಪನಿಯೇ ಹೇಳಿರುವ ಗರಿಷ್ಠ ಬಳಕೆ 253 ವಾಟ್. ಅಷ್ಟೂ ಶಾಖ ಹೊಮ್ಮುವುದು ಅಂಚೆಚೀಟಿಗಿಂತ ಚಿಕ್ಕದಾದ ಸಿಲಿಕಾನ್ ತುಣುಕಿನಿಂದ.

ಮನೆಯಲ್ಲಿ ಬಳಸುವ ಕೂಲರ್ ಗಾಳಿಯದಾಗಲಿ ನೀರಿನದಾಗಲಿ, ಚಿಪ್ಪನ್ನು ಕೋಣೆಗಿಂತ ತಣ್ಣಗೆ ಇಡಲಾರದು. ಆದ್ದರಿಂದ ಲೆಕ್ಕವನ್ನು ಕೋಣೆಯಿಂದಲೇ ಶುರು ಮಾಡಬೇಕು. ಬೆಂಗಳೂರಿನ ಜಯನಗರದ ಹಳೆಯ ಮನೆಗಳಲ್ಲಿ ಎರಡು ಕಡೆ ಕಿಟಕಿ, ಬೀದಿಯಲ್ಲಿ ಮರದ ನೆರಳು. ಬಿಟಿಎಂ ಲೇಔಟಿನ ಪಿಜಿ ಕೋಣೆಗೆ ಇರುವುದು ಎಷ್ಟೋ ಕಡೆ ಒಂದೇ ಕಿಟಕಿ, ಅದಕ್ಕೂ ಗಾಳಿ ತಡೆಯುವ ಸೊಳ್ಳೆಪರದೆ. ಅದು ಮೇಲಿನ ಮಹಡಿಯಾದರೆ ತಾರಸಿಯ ಕಾವು ಬೇರೆ. ಒಂದು ಕೂಲರ್ ಚಿಪ್ಪನ್ನು ಕೋಣೆಗಿಂತ 55 ಡಿಗ್ರಿ ಮೇಲೆ ನಿಲ್ಲಿಸುತ್ತದೆ ಎಂದುಕೊಂಡರೆ, ಡಿಸೆಂಬರಿನ 22 ಡಿಗ್ರಿ ಕೋಣೆಯಲ್ಲಿ ಚಿಪ್ 77ರಲ್ಲಿರುತ್ತದೆ, ಏಪ್ರಿಲಿನ 36 ಡಿಗ್ರಿಯಲ್ಲಿ 91ಕ್ಕೆ ಮುಟ್ಟುತ್ತದೆ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಈಗಿನ ಚಿಪ್‌ಗಳು 95ರಿಂದ 100 ಡಿಗ್ರಿಯಲ್ಲಿ ತಾವಾಗಿಯೇ ವೇಗ ಇಳಿಸಿಕೊಳ್ಳುವುದರಿಂದ, ಚಳಿಗಾಲದಲ್ಲಿ ಗಳಿಸಿದ ವೇಗ ಬೇಸಿಗೆಯಲ್ಲಿ ಸದ್ದಿಲ್ಲದೆ ಕರಗುತ್ತದೆ.

ಬೆಂಗಳೂರಿಗೆ ಇನ್ನೊಂದು ವಿಶೇಷವಿದೆ. ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಷ್ಟೇ ಉಷ್ಣತೆಯ ಮಂಗಳೂರಿನ ಗಾಳಿಗಿಂತ ಇಲ್ಲಿನ ಗಾಳಿ ಸುಮಾರು ಶೇಕಡ 10ರಷ್ಟು ತೆಳು. ಅದೇ ವೇಗದಲ್ಲಿ ತಿರುಗುವ ಫ್ಯಾನ್ ಇಲ್ಲಿ ಸ್ವಲ್ಪ ಕಡಿಮೆ ಶಾಖ ಹೊರುತ್ತದೆ. ನೀರಿನ ಕೂಲರಿಗೂ ಈ ನಷ್ಟ ತಪ್ಪದು, ಕೊನೆಗೆ ಅದರ ರೇಡಿಯೇಟರನ್ನು ಆರಿಸುವುದೂ ಗಾಳಿಯೇ.

ಬಹುಪಾಲು ಮನೆಗಳಿಗೆ ಒಪ್ಪುವುದು ಎರಡು ಗೋಪುರದ ದೊಡ್ಡ ಏರ್ ಕೂಲರ್. ಅದರ ತಾಮ್ರದ ಹೀಟ್ ಪೈಪುಗಳ ಒಳಗೆ ಚೂರು ನೀರನ್ನು ಕಡಿಮೆ ಒತ್ತಡದಲ್ಲಿ ಮುಚ್ಚಿಟ್ಟಿರುತ್ತಾರೆ. ಚಿಪ್ಪಿನ ಬಳಿ ನೀರು ಆವಿಯಾಗಿ, ಅಲ್ಯೂಮಿನಿಯಂ ರೆಕ್ಕೆಗಳ ಬಳಿ ಮತ್ತೆ ದ್ರವವಾಗಿ, ಪೈಪಿನ ಒಳಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ಹಿಂತಿರುಗುತ್ತದೆ. ಪಂಪ್ ಇಲ್ಲ, ಸೋರುವ ಭಯವಿಲ್ಲ. ಕೆಡುವುದಾದರೆ ಫ್ಯಾನ್ ಮಾತ್ರ, ಅದನ್ನು ಸುಲಭವಾಗಿ ಬದಲಿಸಬಹುದು. ಆದರೆ ಇವುಗಳ ಎತ್ತರ 160 ಮಿಲಿಮೀಟರ್ ಆಸುಪಾಸು. ಮೆಟ್ರೊದ ಹಸಿರು ಮಾರ್ಗ ಹಿಡಿದು ಕಂಪ್ಯೂಟರ್ ಬಿಡಿಭಾಗ ಮಾರುವ ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಕ್ಯಾಬಿನೆಟ್ಟಿನ ಅಗಲವನ್ನೂ ರ‍್ಯಾಮ್ ಪಟ್ಟಿಗಳ ಎತ್ತರವನ್ನೂ ಅಳೆದುಕೊಳ್ಳುವುದು ಒಳ್ಳೆಯದು.

ವಿಡಿಯೊ ಎಡಿಟಿಂಗ್, ರೆಂಡರಿಂಗ್‌ನಂಥ ಕೆಲಸದಲ್ಲಿ ಚಿಪ್ ಗಂಟೆಗಟ್ಟಲೆ 200 ವಾಟ್ ಮೀರುವುದಾದರೆ ಮಾತ್ರ 360 ಮಿಲಿಮೀಟರ್ ರೇಡಿಯೇಟರಿನ ಎಐಒ (ಎಲ್ಲ ಭಾಗಗಳೂ ಜೋಡಿಸಿಯೇ ಬರುವ) ಲಿಕ್ವಿಡ್ ಕೂಲರಿಗೆ ಹಣ ಹಾಕಿದ್ದು ಸಾರ್ಥಕ. ನೀರು ಬಿಸಿಯಾಗಲು ಹೊತ್ತು ಹಿಡಿಯುವುದರಿಂದ ದಿಢೀರ್ ಏರಿಳಿತಗಳನ್ನು ಅದು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಪಂಪಿನ ಆಯಸ್ಸಿಗೆ ಮಿತಿಯಿದೆ, ಕೊಳವೆಗಳ ಮೂಲಕ ದ್ರವವೂ ವರ್ಷಗಳಲ್ಲಿ ಸ್ವಲ್ಪಸ್ವಲ್ಪವೇ ಆವಿಯಾಗುತ್ತದೆ. ಗಾಳಿಗುಳ್ಳೆಗಳು ಪಂಪಿನಲ್ಲಿ ಸಿಕ್ಕಿಕೊಳ್ಳದಂತೆ ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಬೇಕು.

ಬಿಡಿ ಭಾಗಗಳನ್ನು ಜೋಡಿಸಿ ಕಟ್ಟುವ ಕಸ್ಟಮ್ ಲೂಪ್ ಹವ್ಯಾಸಿಗಳ ದಾರಿ. ಅದಕ್ಕೆ ಬೋರ್‌ವೆಲ್ ನೀರನ್ನು ಹಾಕಲೇಬಾರದು. ಅದರ ಗಡಸು ಲವಣಗಳು ಸೂಕ್ಷ್ಮ ಕಾಲುವೆಗಳಲ್ಲಿ ಪದರಗಟ್ಟುತ್ತವೆ. ಮನೆಯ ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಬಳಸಬೇಕಾದದ್ದು ಡಿಸ್ಟಿಲ್ಡ್ ವಾಟರ್, ಜೊತೆಗೆ ಪಾಚಿ ಮತ್ತು ತುಕ್ಕನ್ನು ತಡೆಯುವ ದ್ರಾವಣ. ತಾಮ್ರದ ಬ್ಲಾಕಿಗೆ ಅಲ್ಯೂಮಿನಿಯಂ ರೇಡಿಯೇಟರ್ ಜೋಡಿಸಿದರೆ ಅಲ್ಯೂಮಿನಿಯಂ ಸವೆಯುತ್ತದೆ. ನೀರನ್ನು ಕೋಣೆಗಿಂತ ತಣ್ಣಗೆ ಮಾಡುವ ಚಿಲ್ಲರ್ ಈ ಊರಿಗೆ ಬೇಡ. ಮಳೆಗಾಲದ ತೇವದಲ್ಲಿ ತಣ್ಣನೆಯ ಕೊಳವೆ ಬೆವರಿ ಮದರ್‌ಬೋರ್ಡಿನ ಮೇಲೆ ಹನಿಯುತ್ತದೆ.

ರಸ್ತೆ ಅಗೆತ ನಿಲ್ಲದ ಬಡಾವಣೆಗಳಲ್ಲಿ ಯಾವ ಕೂಲರಿಗಾದರೂ ದೂಳೇ ದೊಡ್ಡ ಶತ್ರು. ಗಾಳಿಯನ್ನು ಒಳಗೆಳೆಯುವ ಫ್ಯಾನುಗಳು ಹೊರಹಾಕುವವುಗಳಿಗಿಂತ ಹೆಚ್ಚಿದ್ದರೆ ಸಂದುಗಳಿಂದ ದೂಳು ನುಗ್ಗದು. ಮುಂದಿನ ಜಾಲರಿಯನ್ನು ತಿಂಗಳಿಗೊಮ್ಮೆಯಾದರೂ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಮೇಜಿನ ಮರದ ಗೂಡಿನೊಳಗೆ ಕ್ಯಾಬಿನೆಟ್ ತುರುಕಿದರೆ ತಾನು ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ.

ಎಷ್ಟು ಒಳ್ಳೆಯ ಕೂಲರ್ ಇದ್ದರೂ ಅತಿ ವೋಲ್ಟೇಜಿನ ಹಾನಿಯನ್ನು ಅದೊಂದೇ ತಡೆಯಲಾರದು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳು ಅತಿಯಾದ ವೋಲ್ಟೇಜಿನಿಂದ ಹಾಳಾಗುತ್ತಿರುವುದು 2024ರಲ್ಲಿ ಬಯಲಾಗಿ, ಕಂಪನಿ ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಓವರ್‌ಕ್ಲಾಕ್ ಮಾಡಿದ ಮೇಲೆ ಪರೀಕ್ಷೆಯನ್ನು ಬಿಸಿ ಹೆಚ್ಚಿರುವ ಏಪ್ರಿಲಿನ ಮಧ್ಯಾಹ್ನವೇ ಮಾಡುವುದು ಸರಿ. ಚಿಪ್ಪಿಗೆ ಅರ್ಧ ಗಂಟೆ ಪೂರ್ಣ ಹೊರೆ ಕೊಟ್ಟು ಉಷ್ಣತೆ ನೋಡಬೇಕು. 90 ಡಿಗ್ರಿ ಮೀರಿದರೆ ಮೊದಲು ಇಳಿಸಬೇಕಾದದ್ದು ವೋಲ್ಟೇಜು. ಅದಕ್ಕೆ ವೇಗವನ್ನು 100 ಮೆಗಾಹರ್ಟ್ಸ್‌ನಷ್ಟು ಬಿಟ್ಟುಕೊಡಬೇಕಾಗಿ ಬಂದರೂ ಸರಿಯೇ, ಬಳಕೆಯಲ್ಲಿ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಷ್ಟಾದ ಮೇಲೂ ಉಷ್ಣತೆ ಇಳಿಯದಿದ್ದರೆ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದಾಗಿ ಹಚ್ಚಿ ನೋಡಬೇಕು. ದೊಡ್ಡ ಕೂಲರ್ ಕೊಳ್ಳುವ ಯೋಚನೆ ಆಮೇಲೆ.